ಎಂಟನೇ ಸಾಲು ಸುಟ್ಟದ್ದು ಏಕೆ?

ಬೇವಿನೆಣ್ಣೆ ಕಾಲು ಲೀಟರಿಗೆ ಮೂರು ರೂಪಾಯಿ. ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪಂಪಿಗೆ ದಿನದ ಬಾಡಿಗೆ ಎರಡು ರೂಪಾಯಿ. ಬಟ್ಟೆ ಸೋಪಿಗೆ ಎಂಟಾಣೆ. ಹುಳಿಯಾರಿನಲ್ಲಿ ಯತ್ತಪ್ಪ ಮೊದಲೆರಡಕ್ಕೆ ದುಡ್ಡು ಕೊಟ್ಟ, ಮೂರನೆಯದನ್ನು ಬಿಟ್ಟ.

“ಗ್ರಾಮಸೇವಕರು ಸೋಪೂ ತನ್ನಿ ಅಂದಿದ್ರಲ್ಲ?” ಎಂದಳು ಹೆಂಡತಿ ಮುದ್ದಕ್ಕ.

“ಸಾಯೋ ಹೇನಿಗೆ ತಲೆಗೆ ನೀರು ಹುಯ್ದು ಮಡಿ ಉಡಿಸ್ಬೇಕೇನೇ? ಎಣ್ಣೆ ಸಾಕು ಬುಡು.”

ತೆಂಗಿನ ತೋಟದ ಪಕ್ಕದ ಹೊಲದಲ್ಲಿ ಇಪ್ಪತ್ನಾಲ್ಕು ಸಾಲು ಅವರೆ ಹೂ ಬಿಟ್ಟಿತ್ತು. ಇಬ್ಬನಿ ಬಿದ್ದದ್ದೇ ತಡ, ಕುಡಿಗೆಲ್ಲ ರಸ ಹೀರುವ ಕರಿ ಹೇನು ಮೆತ್ತಿಕೊಂಡಿದ್ದವು. ಮಗಳು ಪುಟ್ಟಕ್ಕ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಬಾಣಂತನದ ಖರ್ಚಿಗೆ ಆ ಅವರೆಯನ್ನೇ ನಂಬಿದ್ದರು.

ಯತ್ತಪ್ಪ ಪಂಪಿನ ಟ್ಯಾಂಕಿಗೆ ನೀರು ತುಂಬಿ, ಎಣ್ಣೆ ಹುಯ್ದು, ಚೆನ್ನಾಗಿ ಕುಲುಕಿ ಹೊಡೆದ. ಒಂದು ಟ್ಯಾಂಕಿಗೆ ಎಂಟು ಸಾಲು. ಮೂರು ಟ್ಯಾಂಕಿಗೆ ಹೊಲ ಮುಗಿಯಿತು.

ಮೂರನೇ ದಿನ ನೋಡಿದರೆ ಏಳು ಸಾಲಿನಲ್ಲಿ ಹೇನು ಹಾಗೇ ಇವೆ. ಎಂಟನೆಯದು ಬೆಂಕಿ ತಗುಲಿದ ಹಾಗೆ ಕಂದಿದೆ. ಮತ್ತೆ ಏಳು ಸಾಲು ಹೇನು, ಹದಿನಾರನೆಯದು ಸುಟ್ಟಿದೆ. ಇಪ್ಪತ್ನಾಲ್ಕನೆಯದೂ ಅಷ್ಟೇ.

“ಯಾರೋ ಮಾಟ ಮಾಡ್ಸವ್ರೆ ಕಣೇ.”

“ಮಾಟ ಮಾಡೋರು ಸಾಲು ಎಣಿಸ್ಕೊಂಡು ಮಾಡ್ತಾರಾ? ಹೋಗಿ ಶಂಭುಲಿಂಗಯ್ಯನೋರ್ನ ಕರ್ಕೊಂಡು ಬನ್ನಿ.”

ಗ್ರಾಮಸೇವಕ ಶಂಭುಲಿಂಗಯ್ಯ ಬಂದು, ಸಾಲು ಎಣಿಸಿ ನಕ್ಕರು. “ಸೋಪು ಹಾಕ್ಲಿಲ್ಲ ತಾನೇ?”

“ಇಲ್ಲ ಸ್ವಾಮಿ. ಆದ್ರೆ ತೋಳು ಬಿದ್ದೋಗೋ ಹಂಗೆ ಕುಲುಕಿದೀನಿ.”

ಅವರು ಗಾಜಿನ ಸೀಸೆಗೆ ನೀರು, ಎಣ್ಣೆ ಹಾಕಿ ಕುಲುಕಿ ಕೆಳಗಿಟ್ಟರು. ನೋಡನೋಡುತ್ತಲೇ ಎಣ್ಣೆ ಮೇಲೆ ಬಂತು.

“ಪಂಪಿನ ಕೊಳವೆ ಎಲ್ಲಿಂದ ಎಳೀತದೆ?”

“ತಳದಿಂದ.”

“ಅಂದ್ರೆ ಮೊದಲ ಏಳು ಸಾಲಿಗೆ ಬರೀ ನೀರು ಹೋಯ್ತು. ಎಣ್ಣೆಯೆಲ್ಲ ಕೊನೇ ಸಾಲಿಗೆ.”

ಮುದ್ದಕ್ಕನಿಗೆ ನಗು ತಡೆಯಲಾಗಲಿಲ್ಲ. “ಅಂತೂ ಹೇನಿಗೆ ನೀವೇ ಸ್ನಾನ ಮಾಡಿಸ್ದಂಗಾಯ್ತು!”

ಯತ್ತಪ್ಪ ಸುಲಭಕ್ಕೆ ಸೋಲುವವನಲ್ಲ. “ಕಾಯಿಹಾಲಲ್ಲೂ ಎಣ್ಣೆ ಐತೆ, ನೀರೂ ಐತೆ. ಅದು ಬೆರ್ತಿರ್ತದಲ್ಲ ಸ್ವಾಮಿ?”

“ಒಳ್ಳೇದು ಕೇಳ್ದೆ. ಮಧ್ಯಾಹ್ನದ ಬಿಸಿಲಲ್ಲಿ ಕುರಿ ಹೆಂಗೆ ನಿಲ್ತವೆ?”

“ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರಿಸ್ಕೊಂಡು, ಮಂದೆ ಕಟ್ಕೊಂಡು.”

“ನೀರಿನ ಕಣಗಳೂ ಹಂಗೇ ಕಣಪ್ಪ. ಒಂದೊಂದು ಕಣದಲ್ಲೂ ಒಂದು ಕಡೆ ಒಂಚೂರು ಧನ ವಿದ್ಯುತ್ತು, ಇನ್ನೊಂದು ಕಡೆ ಒಂಚೂರು ಋಣ. ಒಂದರ ಧನ ಇನ್ನೊಂದರ ಋಣನ ಎಳ್ಕೊಂಡು ಮಂದೆ ಕಟ್ತವೆ. ಎಣ್ಣೆ ಕಣಕ್ಕೆ ಅಂಥ ಎಳೆತ ಇಲ್ಲ. ಆ ಮಂದೆ ಒಳಗೆ ಅದಕ್ಕೆ ಜಾಗ ಸಿಗಲ್ಲ. ಹಗುರ ಬೇರೆ, ಮೇಲೆ ತೇಲ್ತದೆ. ಸೋಪಿನ ಕಣ ಉದ್ದಕ್ಕಿರ್ತದೆ. ತಲೆ ನೀರನ್ನ ಹಿಡೀತದೆ, ಬಾಲ ಎಣ್ಣೆನ ಹಿಡೀತದೆ. ಕಾಯಿಹಾಲಲ್ಲಿ ಆ ಕೆಲಸನ ಕಾಯಿಯೊಳಗಿನ ಸತ್ವವೇ ಮಾಡ್ತದೆ. ಅದೂ ಪೂರ್ತಿ ಅಲ್ಲ, ಹೊತ್ತು ಬಿಟ್ರೆ ಕೆನೆ ಮೇಲೆ ಬರಲ್ವಾ?”

“ಬತ್ತದೆ ಬತ್ತದೆ,” ಎಂದಳು ಮುದ್ದಕ್ಕ. ಅವಳು ಆಗಲೇ ಮನೆಯಲ್ಲಿದ್ದ ಸೋಪು ಹೆರೆಯುತ್ತಿದ್ದಳು.

ಯತ್ತಪ್ಪ ಹೋಗಿ ಮತ್ತೆ ಎಣ್ಣೆ, ಬಾಡಿಗೆ ಪಂಪು ತಂದ. ಬಿಸಿನೀರಿನಲ್ಲಿ ಸೋಪು ಕದಡಿ, ಅದಕ್ಕೆ ಬೇವಿನೆಣ್ಣೆ ಹುಯ್ದು ತಿರುವಿದರು. ಬೆಳ್ಳಗಾಯಿತು.

“ಅಯ್ಯೋ, ಕಾಯಿಹಾಲೇ ಆಯ್ತಲ್ಲ!” ಎಂದ ಯತ್ತಪ್ಪ.

“ಕುಡ್ದುಗಿಡ್ದೀಯ, ಹುಷಾರು,” ಎಂದರು ಶಂಭುಲಿಂಗಯ್ಯ.

ಅದನ್ನು ಟ್ಯಾಂಕಿನ ನೀರಿಗೆ ಬೆರೆಸಿ ಸಂಜೆ ತಂಪಿನಲ್ಲಿ ಹೊಡೆದರು. ಈ ಸಲ ಎಲ್ಲ ಸಾಲಿಗೂ ಒಂದೇ ಹದ. ವಾರದೊಳಗೆ ಕುಡಿಗಳಲ್ಲಿ ಹೇನು ಉದುರಿ, ಸೊಗಡಿನ ಕಾಯಿ ಕಚ್ಚಿತು.

ರೈತ ಬಂಧುಗಳೇ, ತಾಯಂದಿರೇ, ನೀರಿಗೆ ಎಣ್ಣೆಯನ್ನು ಹಾಗೇ ಹುಯ್ಯಬೇಡಿ. ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ ಸಾಕು. ಮೊದಲು ಸೋಪಿನ ನೀರಿನಲ್ಲಿ ಎಣ್ಣೆ ಬೆಳ್ಳಗಾಗುವವರೆಗೆ ತಿರುವಿ, ಆಮೇಲೆ ಟ್ಯಾಂಕಿಗೆ ಹಾಕಿ. ಬೆರೆಸಿದ್ದನ್ನು ಅಂದೇ ಹೊಡೆದು ಮುಗಿಸಿ. ಸಂದೇಹವಿದ್ದರೆ ಒಂದು ಗಿಡಕ್ಕೆ ಹೊಡೆದು ಎರಡು ದಿನ ಕಾಯಿರಿ.

ಯತ್ತಪ್ಪನಿಗೆ ಮೂರು ಸಾಲು ಅವರೆ ಹೋಯಿತು. ಇಪ್ಪತ್ತೊಂದು ಸಾಲು ಉಳಿದು, ಮಗಳ ಬಾಣಂತನ ಕೈ ಚಾಚದೆ ನಡೆಯಿತು. ನಿಮ್ಮ ಹೊಲದಲ್ಲಿ ಒಂದು ಸಾಲೂ ಹೋಗದಿರಲಿ.