ಬಾಣಂತಿ ಕೋಣೆಯ ಕಿಟಕಿ

ಪಾಪಕ್ಕ ಸೇಡಿನ ಹೆಂಗಸು ಎಂದು ಚಳ್ಳಕೆರೆಯ ಅವಳ ಓಣಿಯಲ್ಲಿ ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸ. ನಕ್ಕರೆ ಪಕ್ಕದ ಸಾಲಿನವರಿಗೂ ಕೇಳುವಂಥ ನಗು. ಆದರೆ ರಾಂಪುರದ ಹೆಸರು ಕಿವಿಗೆ ಬಿದ್ದರೆ ಸಾಕು, ಹಲ್ಲು ಕಡಿಯುತ್ತಿದ್ದಳು. ಬಳ್ಳಾರಿ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು "ರಾಂಪುರ, ರಾಂಪುರ" ಎಂದು ಕೂಗಿದರೆ ಅವನ ಮೇಲೂ ಸಿಟ್ಟು. ಪಾಪ, ಅವನೇನು ಮಾಡಿದ್ದ?

ಮಾಡಿದವಳು ಉಚ್ಚಂಗೆಮ್ಮ, ಪಾಪಕ್ಕನ ತಂಗಿ ಶಶಿರೇಖಾಳ ಅತ್ತೆ. ತವರಿನಲ್ಲಿ ತಾಯಿಯಿಲ್ಲ, ಅಕ್ಕನದು ಒಂದೇ ಕೋಣೆಯ ಬಾಡಿಗೆ ಮನೆ. ಬಾಣಂತನ ನಾನೇ ಮಾಡ್ತೀನಿ ಎಂದು ಹಟ ಹಿಡಿದು ಸೊಸೆಯನ್ನು ರಾಂಪುರದಲ್ಲೇ ಉಳಿಸಿಕೊಂಡಿದ್ದಳು. ಹೆರಿಗೆ ಸುಸೂತ್ರವಾಗಿ ಆಯಿತು, ಹೆಣ್ಣು ಕೂಸು. ಆದರೆ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲೇ ಒಂದು ಬೆಳಿಗ್ಗೆ ಶಶಿರೇಖಾ ಮಲಗಿದಲ್ಲೇ ಹೋಗಿಬಿಟ್ಟಳು. ಜ್ವರ ಬಂದಿರಲಿಲ್ಲ, ನಂಜಾಗಿರಲಿಲ್ಲ. ಪಾಪಕ್ಕ ಎದೆ ಬಡಿದುಕೊಂಡು ಓಡಿಬಂದಾಗ ತಂಗಿಯ ಕೆನ್ನೆ ಕೆಂಪಗಿತ್ತು. "ಮುತ್ತೈದೆ ಕಳೆ ನೋಡ್ರೇ" ಎಂದು ನೆರೆದ ಹೆಂಗಸರು ಕೈಮುಗಿದರು. ಹೆಂಗೆ ಸತ್ತಳು ಎಂದು ಯಾರೋ ಕೇಳಿದ್ದಕ್ಕೆ ಉಚ್ಚಂಗೆಮ್ಮ ಅಂಗಳದ ನಡುವೆ ನಿಂತು ಹೇಳಿದಳು: "ಕೂಸಿನ ಗಳಿಗೆ ಸರಿಯಿಲ್ಲ ಕಣ್ರೇ. ಹೆತ್ತವಳನ್ನೇ ನುಂಗ್ತು."

ಒಂದು ಸಲ ಅಂದಿದ್ದರೆ ಸಂಕಟದಲ್ಲಿ ಬಾಯಿ ಜಾರಿತು ಅನ್ನಬಹುದಿತ್ತು. ಬಂದವರಿಗೆ, ಹೋದವರಿಗೆ, ಸಂತೆಯಲ್ಲಿ ಸಿಕ್ಕವರಿಗೆ, ಎಲ್ಲರಿಗೂ ಅದನ್ನೇ ಅಂದಳು. ಕೂಸಿನ ಅಪ್ಪ ಗಂಗರಾಜು ಇನ್ನೊಂದು ಮದುವೆ ಮಾಡಿಕೊಂಡು ಬಳ್ಳಾರಿ ಸೇರಿದ, ಈ ಕಡೆ ತಿರುಗಿಯೂ ನೋಡಲಿಲ್ಲ. ಕೂಸು ಮಾಲತಿ ಪಾಪಕ್ಕನ ಮಡಿಲಿಗೆ ಬಂತು. ಮಾತು ಮಾತ್ರ ನೆಂಟರ ಮನೆಗಳಲ್ಲೆಲ್ಲ ಬೇರು ಬಿಟ್ಟಿತು. ಮೊಳಕಾಲ್ಮೂರಿನಲ್ಲಿ ಒಂದು ಮದುವೆಗೆ ಹೋದಾಗ ಎಂಟು ವರ್ಷದ ಮಾಲತಿ ಹತ್ತಿರ ಬಂದಳೆಂದು ಒಬ್ಬ ಬಸುರಿ ಹೊಟ್ಟೆಗೆ ಸೆರಗು ಎಳೆದುಕೊಂಡು ಎದ್ದುಹೋದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗಿ ಕೇಳಿದಳು:

"ದೊಡ್ಡವ್ವ, ನಮ್ಮವ್ವನ್ನ ನಾನು ಹೆಂಗೆ ನುಂಗಿದೆ? ಆವಾಗ ನಂಗೆ ಹಲ್ಲೇ ಇರ್ಲಿಲ್ಲವಲ್ಲ?"

ಪಾಪಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ಮಾತು ಯಾವ ಬಾಯಿಂದ ಬಂತೋ ಅದೇ ಬಾಯಿಂದ, ಹತ್ತು ಜನರ ಮುಂದೆ, ಸುಳ್ಳು ಅನ್ನಿಸದೆ ಬಿಡುವುದಿಲ್ಲ ಎಂದು ಅವತ್ತೇ ಹಟ ಕಟ್ಟಿದಳು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಗಂಡ ಓಬಳೇಶನಿಂದ. ಅವನು ಊರಿನ ಹೊಸ ಮನೆಗಳಿಗೆ ಗ್ಯಾಸ್ ಗೀಸರ್ ಕೂರಿಸುತ್ತಿದ್ದ. ದಾವಣಗೆರೆಯ ಅಂಗಡಿಯವರು ಗೀಸರ್ ಜೊತೆ ಮಾರೋಣವೆಂದು ತರಿಸಿ, ಯಾರೂ ಕೊಳ್ಳದೆ ಮೂಲೆಗೆ ಹಾಕಿದ್ದ ಬಿಳಿ ಡಬ್ಬಿಯೊಂದನ್ನು ಅವನಿಗೆ ಕೊಟ್ಟಿದ್ದರು. ಅಂಗೈಯಗಲದ್ದು. ಊಟಕ್ಕೆ ಕೂತು ಅದರ ಕತೆ ಹೇಳಿದ. ಬೆಂಗಳೂರಿನಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡವರು ಹಾಗೇ ಹೆಣವಾಗಿ ಸಿಕ್ಕಿದ್ದರಂತೆ. ಉರಿಯಿಂದ ಒಂದು ವಿಷಗಾಳಿ ಹುಟ್ಟುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೂಗಿಗೆ ತಿಳಿಯದ್ದು ಈ ಡಬ್ಬಿಗೆ ತಿಳಿಯುತ್ತದೆ, ಕಿರುಚುತ್ತದೆ.

"ಸತ್ತವರ ಮುಖ ನೀಲಿಗಟ್ಟಿತ್ತಂತಾ?" ಪಾಪಕ್ಕ ಸುಮ್ಮನೆ ಕೇಳಿದಳು.

"ಇಲ್ಲ. ಕೆನ್ನೆ ಕೆಂಪಗಿತ್ತಂತೆ, ಜೀವ ಇರೋರ ಥರ."

ಪಾಪಕ್ಕನ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು.

"ಕೆಂಡದಿಂದಾನೂ ಆಗ್ತೈತಾ?"

"ಉರಿ ಯಾವುದಾದ್ರೇನು, ಕೋಣೆ ಮುಚ್ಚಿದ್ರೆ ಆಯ್ತು. ಕೆಂಡ ಇನ್ನೂ ಕೆಟ್ಟದ್ದು, ಹೊಗೆನೂ ಕಾಣಲ್ಲ." ಹೇಳುತ್ತ ಹೇಳುತ್ತಲೇ ಅವನಿಗೂ ಹೊಳೆಯಿತು. ಇಬ್ಬರೂ ಆಮೇಲೆ ಊಟ ಮಾಡಲಿಲ್ಲ.

ರಾಂಪುರದ ಆ ಕೋಣೆ ಪಾಪಕ್ಕನ ಕಣ್ಣಿಗೆ ಕಟ್ಟಿದಂತಿತ್ತು. ಬಾಣಂತಿಗೆ ಗಾಳಿ ಸೋಕಬಾರದು ಎಂದು ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿದ್ದರು. ಮಂಚದ ಕೆಳಗೆ ಕಬ್ಬಿಣದ ಬಾಂಡ್ಲಿಯಲ್ಲಿ ಜಾಲಿ ಇದ್ದಿಲಿನ ಕೆಂಡ ಹಗಲೂ ರಾತ್ರಿ ಇರುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಉಚ್ಚಂಗೆಮ್ಮನ ಸ್ವಂತ ಮಗಳು ಗೀತಮ್ಮ ತವರಿಗೆ ಬಂದು ಹೆತ್ತಿದ್ದಾಳೆ, ಅದೇ ಕೋಣೆಯಲ್ಲಿ ಮಲಗಿದ್ದಾಳೆ.

"ಈಗ್ಲೇ ಫೋನ್ ಮಾಡಿ ಹೇಳೇ," ಅಂದ ಓಬಳೇಶ.

"ಬಾಯಿಮಾತು ಕೇಳೋ ಜನ ಅಲ್ಲ ಅವರು. ತೊಟ್ಟಿಲು ಶಾಸ್ತ್ರದ ದಿನ ನಾನೇ ಹೋಗ್ತೀನಿ."

ಕೇಳುವ ಜನ ಅಲ್ಲ ಎಂಬುದು ನಿಜವೇ. ಆದರೆ ಪಾಪಕ್ಕ ಕಾದದ್ದು ಅದಕ್ಕಲ್ಲ. ತೊಟ್ಟಿಲಿಗೆ ಹಾಕುವ ದಿನ ಕೇರಿಯ ಹೆಂಗಸರೆಲ್ಲ ಅಲ್ಲಿರುತ್ತಾರೆ, ಅವಳಿಗೆ ಅವರು ಬೇಕಿತ್ತು. ಅಲ್ಲಿಯವರೆಗೆ ಗೀತಮ್ಮ ಆ ಕೆಂಡದ ಮೇಲೆ ಮಲಗಿರುತ್ತಾಳೆ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಹೊಳೆದರೂ ಬಸ್ಸು ಹತ್ತಲಿಲ್ಲ. ಸಿಟ್ಟು ಅಷ್ಟು ಕೆಟ್ಟದ್ದು.

ಶಾಸ್ತ್ರದ ದಿನ ಕೊಬ್ಬರಿ, ಕುಪ್ಪಸದ ಖಣ, ಕೂಸಿಗೊಂದು ಅಂಗಿ ಎಲ್ಲ ಹಿಡಿದು ಮಾಲತಿಯ ಜೊತೆ ರಾಂಪುರದಲ್ಲಿ ಇಳಿದಳು. ಓಬಳೇಶ ಡಬ್ಬಿಗೆ ಹೊಸ ಸೆಲ್ ಹಾಕಿ ಕೊಟ್ಟಿದ್ದ, ಎಲ್ಲಿ ಹಾಕಬೇಕೆಂದೂ ಹೇಳಿಕೊಟ್ಟಿದ್ದ. ಕೆಂಡಕ್ಕೆ ತೀರ ಹತ್ತಿರ ಬೇಡ, ಪರದೆಯ ಹಿಂದೆ ಬೇಡ, ಮಲಗಿದವರ ತಲೆಯ ಮಟ್ಟಕ್ಕೆ ಇರಲಿ. ಪಾಪಕ್ಕ ಮಂಚದ ಪಕ್ಕದ ಗೋಡೆಯಲ್ಲಿದ್ದ ಮೊಳೆಗೆ ಅದನ್ನು ನೇತುಹಾಕಿದಳು.

"ಏನವ್ವಾ ಇದು?" ಉಚ್ಚಂಗೆಮ್ಮ ಕೇಳಿದಳು.

"ಕೋಣೆ ಗಾಳಿ ಕೆಟ್ರೆ ಕೂಗ್ತೈತೆ ಅತ್ತೆಮ್ಮ. ನಮ್ಮನೆಯವರು ಕೊಟ್ಟು ಕಳ್ಸಿದ್ರು."

"ಹಾಕು ಹಾಕು, ಚೆಂದಾಗೈತೆ," ಅಂದಳು ಉಚ್ಚಂಗೆಮ್ಮ. ಬಿಟ್ಟಿ ಬಂದ ಹೊಸ ಸಾಮಾನು ಯಾರಿಗೆ ಬೇಡ? ಬಾಂಡ್ಲಿಗೆ ಇನ್ನೊಂದು ಹಿಡಿ ಇದ್ದಿಲು ಸುರಿದು ಹೊರಗೆ ಬಂದು ಬಾಗಿಲು ಎಳೆದಳು.

ನಡುಮನೆಯಲ್ಲಿ ಹೆಂಗಸರು ತುಂಬಿದ್ದರು. ಪಾಪಕ್ಕ ತಲೆಬಾಗಿಲ ಪಕ್ಕ ಕೂತು ಎಲೆಅಡಿಕೆ ಹಾಕಿಕೊಂಡು ಕಿವಿ ನೆಟ್ಟಗೆ ಮಾಡಿದ್ದಳು. ಡಬ್ಬಿ ಕೂಗಲಿ, ಎಲ್ಲರನ್ನೂ ಒಳಗೆ ಕರೆದು ಕೆಂಡ ತೋರಿಸಿ ಕೇಳುತ್ತೇನೆ, ನುಂಗಿದ್ದು ಯಾರು ಅಂತ. ಕೇಳುವ ಮಾತನ್ನು ಬಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು.

ಅವಳು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ಮಾಲತಿಯನ್ನು. ಕೂಸನ್ನು ನೋಡುವ ಆಸೆಗೆ ಹುಡುಗಿ ಮೆಲ್ಲಗೆ ಕೋಣೆಯ ಬಾಗಿಲು ತಳ್ಳಿ ಹೊಸಿಲೊಳಗೆ ಕಾಲಿಟ್ಟಳು. ಆ ಗಳಿಗೆಗೇ ಡಬ್ಬಿ ಕಿರುಚಿಕೊಂಡಿತು.

"ಅಯ್ಯೋ ದೇವುಡಾ!" ಉಚ್ಚಂಗೆಮ್ಮ ಎಲ್ಲರಿಗಿಂತ ಮೊದಲು ಎದ್ದಳು. "ನೋಡಿದ್ರಾ? ಗಾಳಿ ಕೆಟ್ರೆ ಕೂಗ್ತೈತೆ ಅಂದ್ಲಲ್ಲ, ಈ ಕೂಸು ಕಾಲಿಟ್ಟಿದ್ದೇ ಕೂಗ್ತು! ಯಂತ್ರಕ್ಕೂ ಗೊತ್ತಾತು ನೋಡ್ರೇ! ಅವ್ವನ್ನ ನುಂಗಿದ್ದು ಸಾಲ್ಲಿಲ್ಲ, ನನ್ನ ಮಗಳ ಕೋಣೆಗೂ ಬಂತು!"

ಹೆಂಗಸರು ಗೋಡೆಗೆ ಸರಿದರು. ಮಾಲತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಳು. ಪಾಪಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ತಾನು ತಂದ ಸಾಕ್ಷಿಯನ್ನೇ ಈ ಮುದುಕಿ ಹುಡುಗಿಯ ಮೇಲೆ ತಿರುಗಿಸಿದ್ದಳು. ಜೋಡಿಸಿಟ್ಟ ಮಾತೆಲ್ಲ ಮರೆತುಹೋಯಿತು. ಹುಡುಗಿಯನ್ನು ಅಂಗಳಕ್ಕೆ ಕಳಿಸಿದಳು. ಒಳಗೆ ನುಗ್ಗಿ ಕೂಸನ್ನು ಎತ್ತಿ, ಗೀತಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು.

"ಬಾಣಂತಿ ಕಣೇ ಅವಳು! ಹೊರಗೆ ತರಬ್ಯಾಡ!"

"ತಲೆ ಸಿಡೀತೈತೆ ಅವ್ವ," ಅಂದಳು ಗೀತಮ್ಮ. ಬೇವಿನ ಮರದ ಕೆಳಗೆ ಕೂರಿಸಿದ ಕೂಡಲೇ ವಾಂತಿ ಮಾಡಿಕೊಂಡಳು.

ಕೋಣೆಯಲ್ಲಿ ಡಬ್ಬಿ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. "ಹುಡುಗಿ ಹೊರಗೈತೆ ಅತ್ತೆಮ್ಮ," ಅಂದಳು ಪಾಪಕ್ಕ. "ಅದ್ಯಾಕೆ ಇನ್ನೂ ಕೂಗ್ತೈತೆ?"

"ಅದರ ದೃಷ್ಟಿ ಒಳಗೇ ಐತಲ್ಲ. ಉಪ್ಪು ನಿವಾಳ್ಸಿ ಕೆಂಡಕ್ಕೆ ಹಾಕಿದ್ರೆ ಸುಮ್ನಾಗ್ತೈತೆ."

"ಹಂಗಾದ್ರೆ ಒಳಗೆ ಹೋಗಿ ನಿವಾಳ್ಸಿ. ಬಾಗಿಲು ಹಾಕ್ಕಳ್ರಿ, ಬಾಣಂತಿ ಕೋಣೆಗೆ ಗಾಳಿ ಸೋಕಬಾರ್ದಲ್ಲ. ಸುಮ್ನಾಗೋವರೆಗೂ ಅಲ್ಲೇ ಕೂತ್ಕಳ್ರಿ. ಅದು ಹುಡುಗಿ ದೃಷ್ಟಿನೇ ಆಗಿದ್ರೆ ನಿಮಗೇನೂ ಆಗಲ್ಲ."

ಇಷ್ಟು ಜನರ ಮುಂದೆ ಹಿಂದೆಗೆಯುವ ಪೈಕಿಯಲ್ಲ ಉಚ್ಚಂಗೆಮ್ಮ. ಹಿಡಿ ತುಂಬ ಉಪ್ಪು ತಗೊಂಡು ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು. ಚಿಲಕ ಯಾರೂ ಹಾಕಲಿಲ್ಲ. ಬೇಕೆಂದರೆ ಯಾವಾಗ ಬೇಕಾದರೂ ಬರಬಹುದಿತ್ತು. ಬರುವುದಿಲ್ಲ ಎಂದು ಪಾಪಕ್ಕನಿಗೆ ಗೊತ್ತಿತ್ತು, ಗೊತ್ತಿದ್ದೇ ಕಳಿಸಿದ್ದಳು.

ಅವಳು ಬಾಗಿಲ ಮುಂದೆ ನಿಂತಳು. ಒಳಗೆ ಡಬ್ಬಿ ಕೂಗುತ್ತಿತ್ತು, ಆ ಸದ್ದು ಅವಳಿಗೆ ಹಿತವಾಗಿತ್ತು. ಬೀಳಲಿ, ಅಂದುಕೊಂಡಳು. ನನ್ನ ತಂಗಿ ಬಿದ್ದಲ್ಲೇ ಬೀಳಲಿ. ನಾಚಿಕೆಯಿಲ್ಲದೆ ಅಂದುಕೊಂಡಳು. ಮಾಲತಿ ಬಂದು ಸೆರಗು ಜಗ್ಗಿದಳು. "ದೊಡ್ಡವ್ವ, ಅಜ್ಜಿ ಒಳಗೈತೆ."

"ಇರ್ಲಿ ಬಿಡು."

ಮರದ ಕೆಳಗಿಂದ ಗೀತಮ್ಮ ಸೋತ ದನಿಯಲ್ಲಿ ಅವ್ವನ್ನ ಕರೀರಿ, ಕರೀರಿ ಅನ್ನುತ್ತಿದ್ದಳು. ಪಾಪಕ್ಕ ಅಲುಗಲಿಲ್ಲ.

ಕೊನೆಗೆ ಸದ್ದು ನಿಂತಿತು. "ದೃಷ್ಟಿ ಬಿಡ್ತು ನೋಡ್ರೇ," ಯಾರೋ ಪಿಸುಗುಟ್ಟಿದರು. ಸೆಲ್ ಕಿತ್ತಳೋ, ಸತ್ತೇ ಹೋದಳೋ? ಪಾಪಕ್ಕ ಬಾಗಿಲು ದೂಡಿದಳು.

ಕಿಟಕಿ ಪೂರ್ತಿ ತೆರೆದಿತ್ತು. ಸಂದಿಗೆ ತುರುಕಿದ್ದ ಸೀರೆಯನ್ನು ಕಿತ್ತು ನೆಲಕ್ಕೆ ಎಸೆದಿದ್ದಳು. ಬಾಂಡ್ಲಿಗೆ ಚೊಂಬಿನ ನೀರು ಸುರಿದು ಕೆಂಡವೆಲ್ಲ ಕಪ್ಪಾಗಿತ್ತು. ಉಪ್ಪು ಇನ್ನೂ ಉಚ್ಚಂಗೆಮ್ಮನ ಮುಷ್ಟಿಯಲ್ಲೇ ಇತ್ತು. ಅವಳು ಕಿಟಕಿಯ ಸರಳಿಗೆ ಮುಖವೊತ್ತಿ ಏದುಸಿರು ಬಿಡುತ್ತಿದ್ದಳು. ಹೆಂಗಸರು ಪಾಪಕ್ಕನ ಹೆಗಲ ಮೇಲಿಂದ ಇಣುಕಿ ಎಲ್ಲವನ್ನೂ ನೋಡಿದರು.

"ಕಿಟಕಿ ಯಾಕೆ ತೆಗೆದ್ರಿ ಅತ್ತೆಮ್ಮ?"

"ತಲೆ ಸಿಡಿದಂಗಾತು. ಕಾಲಾಗೆ ಶಕ್ತಿನೇ ಇಲ್ಲದಂಗಾತು." ಉಚ್ಚಂಗೆಮ್ಮ ಇನ್ನೂ ಹೊರಗೇ ನೋಡುತ್ತಿದ್ದಳು. ಆಮೇಲೆ, ಯಾರೂ ಕೇಳದಿದ್ದರೂ ಹೇಳಿದಳು: "ಅವಳೂ ಹಿಂಗೇ ಅಂದ್ಲು. ಅತ್ತೆಮ್ಮಾ ತಲೆ ಸಿಡೀತೈತೆ, ಕಿಟಕಿ ತೆಗೀರಿ ಅಂತ ಕೂಗಿದ್ಲು. ಗಾಳಿ ಸೋಕ್ತೈತೆ, ಸುಮ್ನೆ ಮಲಕ್ಕ ಅಂದೆ."

ತಂಗಿ ನಿದ್ದೆಯಲ್ಲೇ ಹೋದಳು, ಏನೂ ತಿಳಿಯಲಿಲ್ಲ ಎಂದು ಪಾಪಕ್ಕ ಇಷ್ಟು ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದಳು. ಆ ಸಮಾಧಾನವೂ ಇವತ್ತಿಗೆ ಮುಗಿಯಿತು.

ಹೆಂಗಸರ ನಡುವೆ ನುಸುಳಿ ಮಾಲತಿ ಮುಂದೆ ಬಂದಳು. "ಅಜ್ಜಿ, ಆವಾಗ ನಾನೆಲ್ಲಿದ್ದೆ?"

"ಬಚ್ಚಲಾಗೆ. ನನ್ನ ಕಾಲ ಮೇಲೆ ಮಲಗಿದ್ದೆ." ಮುದುಕಿ ಹುಡುಗಿಯ ಕಡೆ ತಿರುಗಿದಳು. "ನಿಂಗೆ ನೀರು ಹಾಕ್ತಿದ್ದೆ ಕಣವ್ವ."

ಹಾಗೆ ಹೇಳಿ ಹುಡುಗಿಯ ತಲೆ ಸವರಲು ಕೈ ಚಾಚಿದಳು. ಪಾಪಕ್ಕ ಆ ಕೈಯನ್ನು ಫಟ್ಟನೆ ತಳ್ಳಿದಳು. "ಮುಟ್ಟಬ್ಯಾಡ್ರಿ. ಅಂಗಳಕ್ಕೆ ಬಂದು ಹೇಳ್ರಿ. ಯಾರು ಯಾರನ್ನ ನುಂಗಿದ್ರು, ಎಲ್ರಿಗೂ ಕೇಳಂಗೆ ಹೇಳ್ರಿ."

ಉಚ್ಚಂಗೆಮ್ಮ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಕೂಸಿನದು ಏನೂ ತಪ್ಪಿಲ್ಲ, ಕೆಂಡ ಇಟ್ಟವಳು ನಾನು, ಕಿಟಕಿ ತೆಗೀದೆ ಇದ್ದವಳು ನಾನು ಅಂದಳು. ದನಿ ಸಣ್ಣದಾಯಿತೆಂದು ಪಾಪಕ್ಕ ಇನ್ನೊಂದು ಸಲ ಹೇಳಿಸಿದಳು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರು. ಪಾಪಕ್ಕನಿಗೆ ಬೇಕಾದದ್ದು ಇಷ್ಟೇ ಆಗಿತ್ತು, ಅದು ಸಿಕ್ಕಿತು.

ಮರದ ಕೆಳಗೆ ಕೂಸು ಎದ್ದು ಅಳತೊಡಗಿತು. ಉಚ್ಚಂಗೆಮ್ಮ ಅಭ್ಯಾಸದಂತೆ ಹೋಗಿ, ಎತ್ತಿಕೊಳ್ಳಲು ಎರಡೂ ಕೈ ನೀಡಿದಳು. ಗೀತಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ತಾಯಿಯ ಮುಖವನ್ನೇ ನೋಡಿದಳು. ಕೊಡಲಿಲ್ಲ.

"ಬಾರೇ ಮಾಲತಿ, ಕೂತ್ಕೋ," ಅಂದಳು. ಹುಡುಗಿ ಅಂಜುತ್ತ ಬಂದು ಪಕ್ಕದಲ್ಲಿ ಕೂತಳು. ಗೀತಮ್ಮ ತನ್ನ ಕೂಸನ್ನು ಅವಳ ಮಡಿಲಲ್ಲಿ ಮಲಗಿಸಿದಳು. ಉಚ್ಚಂಗೆಮ್ಮ ನೀಡಿದ ಕೈಯಲ್ಲೇ ನಿಂತಿದ್ದಳು.