ಅರ್ಧ ತೋಳಿನ ಸ್ವೆಟರ್

ಸೀತಮ್ಮ ತೀರಿಕೊಂಡು ಹತ್ತು ತಿಂಗಳಾಗಿತ್ತು. ಅವರು ಗಂಡನಿಗೆಂದು ಹೆಣೆಯುತ್ತಿದ್ದ ನೀಲಿ ಉಣ್ಣೆಯ ಸ್ವೆಟರ್ ಮಾತ್ರ ಜಯನಗರದ ಆ ಮನೆಯಲ್ಲಿ ಹಾಗೇ ಇತ್ತು. ಎಡತೋಳು ಅರ್ಧಕ್ಕೇ ನಿಂತು, ಕಡ್ಡಿಗಳು ಅದರಲ್ಲೇ ಸಿಕ್ಕಿಕೊಂಡಿದ್ದವು. ದಿನಾ ಊಟವಾದ ಮೇಲೆ ಚಕ್ರಪಾಣಿಯವರು ಅದನ್ನು ಕೆನ್ನೆಗಿಟ್ಟುಕೊಂಡು ಅಡ್ಡಾಗುತ್ತಿದ್ದರು. ಒಂದಿಷ್ಟು ವಿಕ್ಸು, ಒಂದಿಷ್ಟು ಮಲ್ಲಿಗೆ, ಎಲ್ಲೋ ಸಾಸಿವೆ ಒಗ್ಗರಣೆಯ ವಾಸನೆ. ಸೀತಮ್ಮ ಪೂರ್ತಿಯಾಗಿ ಅದರಲ್ಲಿದ್ದರು.

ಹೀಗಿರುವಾಗ ವಾಕಿಂಗ್ ಗ್ರೂಪಿಗೆ ಒಂದು ಮೆಸೇಜು ಬಂತು: ‘ಎಚ್ಚರ! ಉಣ್ಣೆಯಿಂದ ಲೈಮ್ ರೋಗ! ಮುಟ್ಟಿದರೆ ಸಾಕು, ಮನೆಮಂದಿಗೆಲ್ಲ ಹರಡುತ್ತದೆ!’ ಟಿವಿ ಹಾಕಿದರೆ ಅಲ್ಲೂ ಅದೇ ಕೂಗು. ಯಾರದೋ ತೋಳಿನ ಮೇಲೆ ಕೆಂಪು ಬಳೆಯಂಥ ಗುರುತನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು.

ವಾಕಿಂಗ್ ಗೆಳೆಯ ಪಿಳ್ಳಣ್ಣ ಫೋನ್ ಮಾಡಿದರು. “ಲೈಮ್ ಅಂದ್ರೆ ನಿಂಬೆಹಣ್ಣಲ್ವಾ ಸಾರ್? ನಮ್ಮನೇಲಿ ಚಿತ್ರಾನ್ನ ಕ್ಯಾನ್ಸಲ್!”

“ನಿಂಬೆಹಣ್ಣಲ್ಲ ಕಣ್ರೀ, ಉಣ್ಣೆ ಅಂತ ಬರ್ದಿದಾರೆ.”

ಫೋನಿಟ್ಟು ಕನ್ನಡಿ ನೋಡಿಕೊಂಡರೆ ಕೆನ್ನೆಯ ಮೇಲೊಂದು ಕೆಂಪು ಗುರುತು! ಬರೀ ತಮ್ಮ ಪ್ರಾಣದ ಮಾತಾಗಿದ್ದರೆ ಚಕ್ರಪಾಣಿ ಹೆದರುತ್ತಿರಲಿಲ್ಲ. ಆದರೆ ಭಾನುವಾರ ಮೊಮ್ಮಗಳು ಇಂಚರ ಬರುವವಳಿದ್ದಳು, ಬಂದವಳೇ ತೊಡೆ ಏರುವವಳು. ಮನೆಗೆಲಸದ ತಂಗೆವ್ವನ ಕೈಗೆ ಸ್ವೆಟರನ್ನು ಚೀಲದಲ್ಲಿ ಕಟ್ಟಿ ಕೊಟ್ಟು, “ಕಸದ ಗಾಡಿಗೆ ಹಾಕ್ಬಿಡಮ್ಮ” ಎಂದು ಮುಖ ತಿರುಗಿಸಿಕೊಂಡರು.

ಮರುದಿನ ಬೆಳಿಗ್ಗೆ ತಂಗೆವ್ವ ಕಸಬರಿಗೆ ಹಿಡಿದೇ ಕೇಳಿದಳು. “ಅಜ್ಜಾರ, ಅಷ್ಟು ಚಲೋ ಸ್ವೆಟರ್ ಯಾಕ ಕಸಕ್ಕ ಒಗದ್ರೀ?”

ಅವರು ಮೆಸೇಜು ಓದಿ ಹೇಳಿದರು. ತಂಗೆವ್ವ ನಕ್ಕು ನಕ್ಕು ನೆಲದ ಮೇಲೇ ಕೂತಳು. “ಅಯ್ಯ ನನ್ನ ಶಿವನ! ಅದು ಹುಳ ಐತ್ರೀ! ಎಮ್ಮಿ ಕಿವ್ಯಾಗ ಕಚ್ಚಿಕೊಂಡಿರ್ತೈತಲ್ಲ, ಆ ಉಣ್ಣಿ! ನಮ್ಮೂರಾಗ ದಿನಾ ಕಿತ್ತು ಕಿತ್ತು ಒಗೀತಿದ್ವಿ. ನೀವು ಬೆಂಗ್ಳೂರು ಮಂದಿ ಸ್ವೆಟರ್ ಒಗದ್ರಿ!”

ಚಕ್ರಪಾಣಿ ಡಾಕ್ಟರಿಗೆ ಫೋನ್ ಮಾಡಿದರು. “ಆ ಉಣ್ಣೆ ಹುಳ ಕಚ್ಚಿದ್ರೆ ಬರಬಹುದು ಸಾರ್, ಎಲ್ಲಾ ಹುಳದಿಂದಲೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಬಂದ್ರೂ ಔಷಧಿ ಇದೆ. ಕೆನ್ನೇದು ಫೋಟೋ ಕಳ್ಸಿ,” ಎಂದವರು, ಫೋಟೋ ನೋಡಿ, “ಸೊಳ್ಳೆ ಕಚ್ಚಿದ ಹಾಗಿದೆ, ಸಂಜೆ ಬಂದು ತೋರಿಸ್ಹೋಗಿ” ಎಂದರು.

ಫೋನಿಟ್ಟ ಚಕ್ರಪಾಣಿಯವರು ಅವಳ ಕಡೆ ತಿರುಗಿದರು. “ತಂಗೆವ್ವ, ಗಾಡಿಗೆ... ಹಾಕ್ದ್ಯಾ?”

“ಮನಸಾಗ್ಲಿಲ್ರೀ.” ಅವಳು ತನ್ನ ಚೀಲದಿಂದ ಸ್ವೆಟರ್ ತೆಗೆದಳು. “ಸೋಪಿನ ಪುಡಿ ಹಾಕಿ ಸ್ವಚ್ಛ ತೊಳದೀನಿ. ಕಡ್ಡಿ ಚುಚ್ಚತಿದ್ವು, ತಗದಿಟ್ಟೀನಿ, ತಗೋರಿ.”

ಅವರು ಅದನ್ನು ಎರಡೂ ಕೈಯಿಂದ ಎತ್ತಿ ಮುಖಕ್ಕೆ ಒತ್ತಿಕೊಂಡರು. ಸೋಪು. ಇನ್ನೊಂದು ಮಗ್ಗುಲು ಮೂಸಿದರು. ಅಲ್ಲೂ ಸೋಪು. ತಂಗೆವ್ವ ಹೊಗಳಿಕೆಗೆ ಕಾಯುತ್ತಾ ನಿಂತಿದ್ದಳು. “ಚೆನ್ನಾಗಿ ಒಗ್ದಿದೀಯಮ್ಮ” ಎಂದರು.

ಕಡ್ಡಿ ತೆಗೆದ ಕಡೆ ಒಂದೆರಡು ಕುಣಿಕೆ ಜಾರಿದ್ದವು. ಚಕ್ರಪಾಣಿ ಕಿಟಕಿಯ ಬೆಳಕಿಗೆ ಕೂತು, ಕನ್ನಡಕ ಏರಿಸಿ, ಒಂದೊಂದೇ ಕುಣಿಕೆಯನ್ನು ಕಡ್ಡಿಗೆ ಪೋಣಿಸತೊಡಗಿದರು. ಸೀತಮ್ಮ ಇದನ್ನೇ ಗಟ್ಟಿಯಾಗಿ ಎಣಿಸುತ್ತಾ ಹಾಕುತ್ತಿದ್ದರು. ನಡುವೆ ಗಂಡ ಬಾಯಿ ತೆರೆದರೆ ಸಿಡುಕುತ್ತಿದ್ದರು. ಚಕ್ರಪಾಣಿಯೂ ಗಟ್ಟಿಯಾಗಿಯೇ ಎಣಿಸಿದರು. ಇಪ್ಪತ್ತೊಂದು, ಇಪ್ಪತ್ತೆರಡು...

“ಚಾ ಮಾಡ್ಲೇನ್ರೀ ಅಜ್ಜಾರ?”

“ಶ್! ಲೆಕ್ಕ ತಪ್ಪಿಸ್ಬೇಡಿ,” ಎಂದರು ಚಕ್ರಪಾಣಿ. ಅಂದದ್ದು ಸೀತಮ್ಮನ ದನಿಯಲ್ಲೇ ಎಂದು ಅವರಿಗೇ ಕೇಳಿಸಿತು.