ಒಂದೇ ಬೆರಳಿನ ರೆಕ್ಕೆ

"ಇನ್ನೂ ಬಿಗಿ ಕಟ್ರಿ ಮಾಸ್ತರ," ಎಂದು ಜಟಾಯುವಿನ ಪಾತ್ರದ ಬಾಬಾಜಿಯೇ ಹೇಳಿದ. ಸೋಮಪ್ಪ ಮಾಸ್ತರ ಅವನ ಬಲಗೈಯ ಉಂಗುರಬೆರಳಿಗೆ ಮಾರುದ್ದದ ಬಿದಿರುಕೋಲನ್ನು ಸುತಳಿಯಿಂದ ಬಿಗಿಯುತ್ತಿದ್ದ. ಕೋಲಿನ ತುದಿಯಿಂದ ಬಾಬಾಜಿಯ ತೊಡೆಯವರೆಗೆ ಹಳೆಯ ಕೊಡೆಗಳ ಕಪ್ಪು ಬಟ್ಟೆ ಹೊಲಿದಿದ್ದರು. ಎಡಗೈಗೆ ಆಗಲೇ ಇಂಥದ್ದೇ ಕೋಲು ಕಟ್ಟಿಯಾಗಿತ್ತು.

ಸೋಮಪ್ಪನಿಗೆ ದಾಂಡೇಲಿಯ ಮಿಲ್ಲಿನಲ್ಲಿ ರದ್ದಿ ಕಾಗದ ಬೇರ್ಪಡಿಸುವ ಕೆಲಸ. ಭಾನುವಾರ ಮಧ್ಯಾಹ್ನ ದೊಡ್ಡಾಟ ಕಲಿಸುವ ಹುಚ್ಚು. ಈ ಸಲ ರದ್ದಿಯಲ್ಲಿ ಅವನಿಗೊಂದು ಹಾಳೆ ಸಿಕ್ಕಿತ್ತು. ಮನುಷ್ಯ ಹುಟ್ಟುವ ಕೋಟಿಗಟ್ಟಲೆ ವರ್ಷ ಮೊದಲು ಹಾರಾಡುತ್ತಿದ್ದ ಒಂದು ಸರೀಸೃಪದ ಚಿತ್ರ. ಜಟಾಯು ಹಳೇ ಕಾಲದ ಮುದಿಹಕ್ಕಿಯಲ್ಲವೇ, ಹೀಗೇ ಇದ್ದೀತು ಎಂದು ಅವನ ತಲೆಗೆ ಹೊಕ್ಕಿತು. ಹೊಕ್ಕದ್ದನ್ನು ಹೊರಗೆ ತೆಗೆಯುವುದು ಯಾರಿಂದಲೂ ಆಗಲಿಲ್ಲ.

"ಕೇಳ್ರಿಲ್ಲೆ," ಎಂದು ಅವನು ಹಾಳೆ ಬಿಡಿಸಿದ. "ಪುಕ್ಕ ಇಲ್ಲ, ಬರೇ ತೊಗಲು. ಮೂರು ಬೆರಳು ಸಣ್ಣವು. ನಾಕನೇದು ತೋಳಿಗಿಂತ ಉದ್ದ. ಕಿರುಬೆರಳು ಅದಕ್ಕಿಲ್ಲ. ಇಡೀ ರೆಕ್ಕಿ ಆ ಒಂದ ಬೆರಳಿಗೆ ಜೋತ ಬಿದ್ದೈತಿ. ಎಲುಬು ಒಳಗ ಪೊಳ್ಳು."

"ತಿನ್ನೂದೇನ್ರಿ ಅದು?" ಎಂದ ಬಾಬಾಜಿ.

"ಮೀನು. ನೀರಿನ ಮ್ಯಾಲೆ ಹಾರಕೋತ ಬಂದು ಬಾಯಿ ಹಾಕೂದು. ಹಲ್ಲು ಮುಂದಕ್ಕ ಚಾಚ್ಯಾವ ನೋಡು, ಸಿಕ್ಕದ್ದು ಜಾರೂದಿಲ್ಲ. ಅಗಿಯೂದಿಲ್ಲ, ಇಡೀದ ನುಂಗೂದು."

"ಜಟಾಯು ಮೀನ ತಿಂದಿದ್ದು ಯಾವ ರಾಮಾಯಣದಾಗ ಐತ್ರಿ?" ಎಂದು ಸೀತೆಯ ಪಾತ್ರದ ಲಗಮಪ್ಪ ಮೀಸೆಯಡಿ ನಕ್ಕ.

"ಆ ಬೆರಳು ಮುರದ್ರ?" ಎಂದು ಕೇಳಿದವನು ರಾವಣನ ಪಾತ್ರದ ಮಲಕಪ್ಪ.

"ಮುರದ್ರ ಹಾರೂದಿಲ್ಲ. ಹಾರಲಿಲ್ಲಂದ್ರ ಮೀನಿಲ್ಲ. ಉಪವಾಸ ಸಾಯತೈತಿ."

ಮಲಕಪ್ಪ ಕಟ್ಟಿಗೆ ಅಡ್ಡೆಯ ಮುಕಾದಮ. ಅಲ್ಲಿ ದಿಮ್ಮಿ ಹೊರಲು ಬೆಳಿಗ್ಗೆ ಯಾರನ್ನು ಕರೆಯಬೇಕೆಂಬುದು ಅವನ ಮರ್ಜಿ. ಹದಿನೈದು ದಿನದ ಹಿಂದೆ, ಅಡ್ಡೆಯಲ್ಲಿ ಒಲೆಗಾಗಿ ತೊಗಟೆ ಆರಿಸಿದಳೆಂದು, ಬಾಬಾಜಿಯ ಹೆಂಡತಿ ತುಳಸಾಳ ಕಪಾಳಕ್ಕೆ ಹೊಡೆದಿದ್ದ. ಎರಡನೆಯ ಏಟಿಗೆ ಎತ್ತಿದ ಕೈಯನ್ನು ಬಾಬಾಜಿ ತಡೆದು ಹಿಡಿದಿದ್ದ. ಸಿದ್ದಿ ಜನಾಂಗದ ಕೂಲಿಯೊಬ್ಬ ಮುಕಾದಮನ ಕೈ ಹಿಡಿದದ್ದನ್ನು ನಲವತ್ತು ಜನ ನೋಡಿದ್ದರು. ಅಂದಿನಿಂದ ಮಲಕಪ್ಪ ಒಳಗೊಳಗೇ ಕುದಿಯುತ್ತಿದ್ದ. ಅದು ಬಾಬಾಜಿಗೂ ಗೊತ್ತಿತ್ತು. ದಿಮ್ಮಿ ಹೊರುವವನಿಗೆ ಕೈ ಹೋದರೆ ಅನ್ನ ಹೋದಂತೆ. ಆದರೂ ಬೆರಳು ಕೊಟ್ಟ. ವೇಷದ ಆಸೆ ಅಂಥದ್ದು.

ತಾಲೀಮಿನ ಮದ್ದಳೆ ಶುರುವಾಯಿತು. ರಾವಣ ಸೀತೆಯನ್ನು ಎಳೆದುಕೊಂಡು ಬಂದ, ಕೊಕ್ಕಿನ ಮುಖವಾಡ ತೊಟ್ಟ ಜಟಾಯು ಹಾರಿ ಅಡ್ಡ ನಿಂತ. ಕತ್ತಿ ರೆಕ್ಕೆಗೆ ಮೂರು ಸಲ ತಾಕಬೇಕು, ಮೂರನೆಯದಕ್ಕೆ ಜಟಾಯು ಬೀಳಬೇಕು. ಆಟದ ಕತ್ತಿ ತೆಳು ಹಲಗೆಯದು. ಅಂದು ಮಲಕಪ್ಪ ತಂದದ್ದು ಸಾಗವಾನಿಯ ದಪ್ಪ ಪಟ್ಟಿ. ಮೊದಲನೆಯ ಏಟನ್ನೇ ಅವನು ಎರಡೂ ಕೈಯಿಂದ ಕೋಲಿನ ತುದಿಗೆ ಬೀಸಿದ. ಕೋಲು ಮುರಿಯಲಿಲ್ಲ. ತಿರುಗಿತು, ಅದರ ಜೊತೆ ಬೆರಳೂ ತಿರುಗಿತು. ಲಟಕ್ಕೆಂದದ್ದು ಮದ್ದಳೆಯವನಿಗೂ ಕೇಳಿಸಿತು.

ಬಾಬಾಜಿ ಕಿರುಚಿದ. "ಭೇಷ್! ಹಂಗ ಒದರಬೇಕು!" ಎಂದ ಸೋಮಪ್ಪ, ಕಣ್ಣರಳಿಸಿ. ಆ ಹುಚ್ಚನಿಗೆ ಅದು ಅಭಿನಯ.

ಎರಡನೆಯ ಏಟು ಬೆರಳಿಗೇ ಬಿತ್ತು. ಚರ್ಮ ಸುಲಿದು ಕೊಡೆಬಟ್ಟೆಯ ಮೇಲೆ ರಕ್ತ ಇಳಿಯಿತು. "ಈಗ ಹಿಡಿಯಲೇ ನನ್ನ ಕೈ," ಎಂದು ಮಲಕಪ್ಪ ಪಿಸುಗುಟ್ಟಿದ. "ನಾಳಿಂದ ನೀನೂ ಉಪವಾಸ."

ಹಿಡಿಯಲು ಕೈ ಉಳಿದಿರಲಿಲ್ಲ, ಎಡಗೈಯೂ ಕೋಲಿನ ಕಟ್ಟಿನಲ್ಲಿತ್ತು. ಪಟ್ಟಿ ಮತ್ತೆ ಮೇಲೆದ್ದಾಗ ಬಾಬಾಜಿ ಬಾಯಿ ಹಾಕಿದ. ಮುಖವಾಡದ ಕೊಕ್ಕು ಮುರಿದು ಬಿತ್ತು, ಅವನ ಹಲ್ಲು ಮುಕಾದಮನ ಮಣಿಕಟ್ಟಿನಲ್ಲಿ ಇಳಿಯಿತು. ಪಟ್ಟಿ ಕೆಳಗೆ ಬಿತ್ತು. ಮಲಕಪ್ಪ ತಲೆಗೆ ಗುದ್ದಿದ, ಕಿವಿ ಹರಿಯುವಂತೆ ಎಳೆದ, ಹೊಟ್ಟೆಗೆ ಮೊಣಕಾಲು ಹಾಕಿದ. ಬಾಬಾಜಿ ಬಿಡಲಿಲ್ಲ. ಬಾಯಿ ತುಂಬ ಉಪ್ಪು. ಹದಿನೈದು ದಿನದಿಂದ ನುಂಗಿಕೊಂಡಿದ್ದ ಅವಮಾನವೆಲ್ಲ ದವಡೆಗೆ ಬಂದಿತ್ತು. ನೋವಿನ ನಡುವೆಯೂ ಅವನಿಗೆ ಸುಖವೆನಿಸಿತು, ನಾಚಿಕೆಯಾಗುವಷ್ಟು ಸುಖ.

"ಬಿಡಲೇ! ನೀ ಸಾಯಬೇಕೀಗ! ಜಟಾಯು ಸಾಯಬೇಕು!" ಎಂದು ಸೋಮಪ್ಪ ಒದರಾಡಿದ.

ಮಲಕಪ್ಪ "ಯವ್ವಾ" ಎಂದು ಅತ್ತ ಮೇಲೆ ಬಾಬಾಜಿ ಬಿಟ್ಟು ಉಗುಳಿದ. "ಸಾಯ್ತೇನ್ರಿ ಮಾಸ್ತರ. ನಾನ ಸಾಯ್ತೇನಿ, ಯಾರೂ ಹೊಡೀಬ್ಯಾಡ್ರಿ," ಎಂದ. ಜೋತುಬಿದ್ದ ಬೆರಳನ್ನು ಎದೆಗೊತ್ತಿಕೊಂಡು ನೆಲದ ಮೇಲೆ ಅಡ್ಡ ಮಲಗಿದ. ಕಣ್ಣು ಮಾತ್ರ ಮುಚ್ಚಲಿಲ್ಲ.

ರಾವಣ ಇನ್ನು ಅವನನ್ನು ದಾಟಿ ಲಂಕೆಗೆ ಹೋಗಬೇಕು. ಮದ್ದಳೆಯವನು ದಿಕ್ಕು ತೋಚದೆ ಬಾರಿಸುತ್ತಲೇ ಇದ್ದ. ಮಲಕಪ್ಪ ಒಂದು ಹೆಜ್ಜೆ ಮುಂದಿಟ್ಟು, ಆ ಕಣ್ಣು ನೋಡಿ, ಹಿಂದೆ ತೆಗೆದ. ಮತ್ತೊಮ್ಮೆ ಇಟ್ಟು, ಮತ್ತೆ ತೆಗೆದ. ಕಡೆಗೆ ಸೀತೆಯೇ ರಾವಣನ ರಟ್ಟೆ ಹಿಡಿದು, ಮಲಗಿದವನನ್ನು ದೂರದಿಂದ ಬಳಸಿಕೊಂಡು, ಆಚೆಗೆ ಕರೆದುಕೊಂಡು ಹೋದಳು.